ರೋಲರ್ ಎಳೆದವನ ಪಂದ್ಯಾವಳಿ

ಪಂದ್ಯಾವಳಿಯ ಚರಿತ್ರೆ ಅಂದರೆ ಗೆದ್ದವರ ಪಟ್ಟಿ ಅಂತ ನಮಗೆ ಕಲಿಸಿದ್ದಾರೆ. ಯಾವ ವರ್ಷ ಯಾರು ಗೆದ್ದರು, ಯಾವ ಮಹಾರಾಜ ತಂಡ ಕಟ್ಟಿದ, ಯಾವ ಗವರ್ನರು ಬಂದು ಕೈಕುಲುಕಿದ. ಮೈದಾನ ಗುಡಿಸಿದವರು, ಬಲೆ ಕಟ್ಟಿದವರು ಆ ಪಟ್ಟಿಯಲ್ಲಿ ಬರುವುದಿಲ್ಲ. ಅದಕ್ಕೇ ನಾವು ಪಾಲ್ವಣಕರ್ ಬಾಲೂವಿನ ಕತೆಯನ್ನು ಎತ್ತಿಕೊಂಡಿದ್ದೇವೆ. ಆತ ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲೇ. ಬೆಳೆದದ್ದು ಪುಣೆಯಲ್ಲಿ. ಜಾತಿಯಲ್ಲಿ ಚಮ್ಮಾರ.

ಆಗಿನ ಬೊಂಬಾಯಿಯ ಕ್ರಿಕೆಟ್ ಪಂದ್ಯಾವಳಿಯನ್ನು ಕಟ್ಟಿದ್ದೇ ಮತದ ಲೆಕ್ಕದಲ್ಲಿ. 1877ರಲ್ಲಿ ಪಾರ್ಸಿಗಳು ಬಿಳಿಯರ ಎದುರು ಆಡಿದರು. 1907ರಲ್ಲಿ ಹಿಂದೂಗಳು ಸೇರಿ ತ್ರಿಕೋನ ಪಂದ್ಯಾವಳಿ ಆಯಿತು. 1912ರಲ್ಲಿ ಮುಸ್ಲಿಮರು ಸೇರಿ ಚತುಷ್ಕೋನ, 1937ರಲ್ಲಿ ಕ್ರೈಸ್ತರೇ ಮೊದಲಾದ 'ಉಳಿದವರು' ಸೇರಿ ಪಂಚಕೋನ. 1946ರಲ್ಲಿ ಅದು ನಿಂತೇ ಹೋಯಿತು. ಐದು ಮೂಲೆ ಮಾಡಿದರೂ ನಮ್ಮ ಕೇರಿಗೆ ಒಂದು ಮೂಲೆ ಇರಲಿಲ್ಲ. ಆಡಬೇಕಾದರೆ ಹಿಂದೂ ಆಗಿಯೇ ಆಡಬೇಕು. ಬೌಲಿಂಗಿಗೆ ಹಿಂದೂ, ಊಟದ ಪಂಕ್ತಿಗೆ ಅಲ್ಲ!

ಇಂಥ ಪಂದ್ಯಕ್ಕೆ ತಯಾರಿ ಹೇಗೆ? ಅರಮನೆಯವರಿಗಾದರೆ ಆಟ ಹೇಳಿಕೊಡೋಕೆ ಇಂಗ್ಲೆಂಡಿನಿಂದ ವೃತ್ತಿ ಆಟಗಾರರು ಬರುತ್ತಿದ್ದರು. ಬಾಲೂ ಮತ್ತು ಆತನ ತಮ್ಮ ಶಿವರಾಮ ಕಲಿತದ್ದು ಸೇನೆಯ ಅಧಿಕಾರಿಗಳು ಬಿಸಾಕಿದ ಬ್ಯಾಟು, ಚೆಂಡುಗಳಲ್ಲಿ. ಮೊದಲು ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ ಗುಡಿಸುವ ಕೆಲಸ, ತಿಂಗಳಿಗೆ 3 ರೂಪಾಯಿ. ಆಮೇಲೆ ಬಿಳಿಯರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ರೋಲರ್ ಎಳೆಯಬೇಕು, ಗೆರೆ ಹಾಕಬೇಕು, ಬಲೆ ಕಟ್ಟಬೇಕು. ಸಾಹೇಬರು ಬ್ಯಾಟು ಹಿಡಿದು ನಿಂತರೆ ಅವರ ಅಭ್ಯಾಸಕ್ಕೆ ಚೆಂಡು ಹಾಕಬೇಕು. ಜೆ. ಜಿ. ಗ್ರೆಗ್ ಎಂಬ ಹೆಸರಾಂತ ಬ್ಯಾಟ್ಸ್‌ಮನ್ ಉಳಿದವರಿಗಿಂತ ಒಂದು ತಾಸು ಮುಂಚೆಯೇ ಬಂದು ಬಾಲೂವಿನ ಎದುರು ಆಡುತ್ತಿದ್ದ. ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದ ಅಂತ ಒಂದು ಹೇಳಿಕೆ ಉಳಿದುಬಂದಿದೆ. ವಾರಕ್ಕೆ ಒಂದೇ ಸಲ ಕೆಡವಿದರೂ ತಿಂಗಳಿಗೆ ಎರಡು ರೂಪಾಯಿ. ಸಂಬಳದ ಅರ್ಧ ಆಯಿತಲ್ಲ!

ಹೀಗೆ ಸಾಹೇಬರ ತಯಾರಿಗೆ ಹರಿಸಿದ ಬೆವರೇ ಬಾಲೂವಿನ ತಯಾರಿಯೂ ಆಯಿತು. ಎಡಗೈಯ ಆ ನಿಧಾನದ ಸ್ಪಿನ್ ಬೆರಳಿಗೆ ಹತ್ತಿದ್ದು ಕೂಲಿಯಲ್ಲಿ. ಆದರೆ ಅಷ್ಟು ವರ್ಷ ಚೆಂಡು ಹಾಕಿದವನ ಕೈಗೆ ಆ ಕ್ಲಬ್ಬಿನಲ್ಲಿ ಬ್ಯಾಟು ಕೊಡಲಿಲ್ಲ. ಬ್ಯಾಟು ದೊರೆಯದು, ಬೌಲಿಂಗು ಆಳಿನದು. ತಾಲ್ಲೂಕು ಕ್ರೀಡಾಕೂಟದ ಹಿಂದಿನ ಸಂಜೆ ಸುಣ್ಣದ ಗೆರೆ ಎಳೆಯೋ ಹುಡುಗರು ಯಾರು ಅಂತ ಬಲ್ಲ ಮೇಷ್ಟರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪುಣೆಯ ಹಿಂದೂ ಕ್ಲಬ್ಬಿಗೆ ಬಿಳಿಯರನ್ನು ಸೋಲಿಸುವ ಆಸೆ. ಸೋಲಿಸಬಲ್ಲವನು ಅಸ್ಪೃಶ್ಯ. ಪುಣೆಯ ಬ್ರಾಹ್ಮಣರು ಕೆಲವರು ಬೇಡವೆಂದರು, ವಾದ ನಡೆಯಿತು, ಕೊನೆಗೆ ಕರೆದರು. ಮೈದಾನದಲ್ಲಿ ಎಲ್ಲರೂ ಅದೇ ಚೆಂಡು ಮುಟ್ಟಿದರು. ಚಹಾದ ಹೊತ್ತಿಗೆ ಒಳಗಿನವರಿಗೆ ಪಿಂಗಾಣಿ ಕಪ್ಪು, ಬಾಲೂವಿಗೆ ಹೊರಗೆ ಮಣ್ಣಿನ ಕುಡಿಕೆ. ಊಟವೂ ಬೇರೆ. ಚೆಂಡು ತೊಗಲಿನದು ಕಣ್ರೀ! ಅದಕ್ಕಿಲ್ಲದ ಮೈಲಿಗೆ ಬಟ್ಟಲಿಗೆ ಎಲ್ಲಿಂದ ಬಂತು?

1906ರಲ್ಲಿ ಬೊಂಬಾಯಿಯಲ್ಲಿ ಹಿಂದೂಗಳು 242 ಮತ್ತು 160 ಮಾಡಿದರು, ಬಿಳಿಯರು 191 ಮತ್ತು 102. ಆಳುವವರು 109 ರನ್ನಿನಿಂದ ಸೋತರು. ಅವರನ್ನು ಕೆಡವಿದ ಕೈಗಳಲ್ಲಿ ಬಾಲೂವಿನದು ದೊಡ್ಡದು. ಶಿವರಾಮನೂ ಆ ತಂಡದಲ್ಲಿದ್ದ. 1911ರಲ್ಲಿ ಪಟಿಯಾಲದ ಮಹಾರಾಜನ ತಂಡದ ಜತೆ ಇಂಗ್ಲೆಂಡಿಗೆ ಹೋದ ಬಾಲೂ 114 ವಿಕೆಟ್ ಕಿತ್ತ. ತಂಡ ಸೋತದ್ದೇ ಹೆಚ್ಚು. ಹಿಂತಿರುಗಿ ಬಂದಾಗ ಬೊಂಬಾಯಿಯ ದಲಿತರು ಸನ್ಮಾನ ಮಾಡಿದರು. ಅಲ್ಲಿ ಅಭಿನಂದನೆ ಸಲ್ಲಿಸಿದವರು ತರುಣ ಅಂಬೇಡ್ಕರ್.

ಅದೇ ಬಾಲೂ 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರೇ ನಿಂತು ಸೋತ. ಈ ಮಾತು ಬಂದರೆ ನಮ್ಮ ಗೆಳೆಯರಲ್ಲಿ ಜಗಳ ಏಳುತ್ತದೆ. ಏಳಲಿ, ಮುಚ್ಚಿಡುವುದೇನೂ ಇಲ್ಲ. ಅವರ ಪಂದ್ಯಕ್ಕೆ ಬೇಕಾದ ನಮ್ಮ ಆಟಗಾರನನ್ನು ಕಾಂಗ್ರೆಸ್ಸೂ ಎರವಲು ತಗೊಂಡಿತು ಅಂತ ನಮಗನ್ನಿಸುತ್ತದೆ.

ನಾಯಕತ್ವದ ಮಾತು ಉಳಿಯಿತು. ತಂಡದ ಹಿರಿಯ ಬಾಲೂ, ಆದರೆ ನಾಯಕ ಬೇರೆಯವರು. 1913ರಲ್ಲಿ ನಾಯಕನಾದ ಎಂ. ಡಿ. ಪೈ ಅವರೇ ಈ ಗೌರವ ಬಾಲೂವಿಗೆ ಸಲ್ಲಬೇಕಿತ್ತು ಎಂದರು. ಸಲ್ಲಲಿಲ್ಲ. 1920ರಲ್ಲಿ ಬಾಲೂವನ್ನು ತಂಡದಿಂದಲೇ ಕೈಬಿಟ್ಟರು. ಇನ್ನೊಬ್ಬ ತಮ್ಮ ವಿಠ್ಠಲನನ್ನು ದಾಟಿ ಡಿ. ಬಿ. ದೇವಧರರಿಗೆ ನಾಯಕತ್ವ ಕೊಟ್ಟರು. ವಿಠ್ಠಲ, ಶಿವರಾಮ ಇಬ್ಬರೂ ಆಡಲ್ಲ ಅಂತ ಹೊರನಡೆದರು. ಜಾತಿಯೇ ಕಾರಣ ಅಂತ ಪತ್ರಿಕೆಯಲ್ಲೇ ಹೇಳಿದರು. ಮುಂದಿನ ಪಂದ್ಯಕ್ಕೆ ಬಾಲೂವನ್ನು ಕರೆದು ಉಪನಾಯಕ ಮಾಡಬೇಕಾಯಿತು.

1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕನಾದ. ಆ ವರ್ಷ ಪಂದ್ಯಾವಳಿ ಗೆದ್ದದ್ದು ಅದೇ ತಂಡ. ಬಾಲೂವಿಗೆ ಆಗ ನಲವತ್ತೇಳು ವರ್ಷ, ಆಟ ಬಿಟ್ಟಾಗಿತ್ತು.