ತಲೆಬುರುಡೆಯೊಳಗಿನ ಒತ್ತಡ

ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದ ಬಂಧುವೊಬ್ಬರು ದೊಡ್ಡ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಮಲಗಿದ್ದಾರೆ ಎಂದುಕೊಳ್ಳಿ. ನಾಡಿ, ರಕ್ತದೊತ್ತಡಗಳ ಜೊತೆಗೆ ಇನ್ನೊಂದು ಅಂಕಿಯೂ ಪರದೆಯ ಮೇಲೆ ಏರಿಳಿಯುವುದನ್ನು ನೀವು ಕಾಣಬಹುದು. ಅದು ಬುರುಡೆಯೊಳಗಿನ ಒತ್ತಡ. ಆರೋಗ್ಯವಂತ ವಯಸ್ಕರು ಮಲಗಿದ್ದಾಗ ಅದು ಪಾದರಸದ ಅಳತೆಯಲ್ಲಿ ಸುಮಾರು 7ರಿಂದ 15 ಮಿಲಿಮೀಟರ್. 22 ದಾಟಿ ನಿಂತರೆ ಇಳಿಸಲೇಬೇಕೆಂದು ವೈದ್ಯರು ಧಾವಿಸುತ್ತಾರೆ. ಈ ಒಂದು ಅಂಕಿ ಹಾಸಿಗೆಯ ಪಕ್ಕಕ್ಕೆ ಬರಲು ಹಿಡಿದ ಕಾಲ ಸುಮಾರು 170 ವರ್ಷ!

ಎಡಿನ್‌ಬರೋದ ಅಲೆಗ್ಸಾಂಡರ್ ಮನ್ರೋ 1783ರಲ್ಲಿ ಒಂದು ಸರಳ ಮಾತು ಹೇಳಿದರು. ಬುರುಡೆ ಬಿಗಿಯಾದ ಎಲುಬಿನ ಪೆಟ್ಟಿಗೆ. ಮಿದುಳು ಅದುಮಿದರೆ ಕುಗ್ಗುವಂಥದ್ದಲ್ಲ. ಆದ್ದರಿಂದ ಒಳಗಿನ ರಕ್ತದ ಪ್ರಮಾಣವೂ ಬದಲಾಗದು. ಅವರ ಶಿಷ್ಯ ಜಾರ್ಜ್ ಕೆಲ್ಲಿ ಲೀತ್ ಬಂದರಿನ ಶಸ್ತ್ರವೈದ್ಯರು. 1821ರ ನವೆಂಬರ್ 3ರ ಬಿರುಗಾಳಿಗೆ ಸಿಕ್ಕಿ ಸತ್ತರೆಂದು ಭಾವಿಸಲಾದ ಇಬ್ಬರ ಶವಗಳನ್ನು ಅವರು ಪರೀಕ್ಷಿಸಿದರು. 1824ರಲ್ಲಿ ಅಚ್ಚಾದ ಅವರ ವರದಿ ಗುರುವಿನ ಮಾತನ್ನು ಎತ್ತಿಹಿಡಿಯಿತು. ಮಿದುಳನ್ನು ಸುತ್ತುವರಿದ ದ್ರವ ಈ ಲೆಕ್ಕಕ್ಕೆ ಸೇರಿದ್ದು ಆಮೇಲೆ. ಒಳಗೆ ಗೆಡ್ಡೆ ಬೆಳೆದರೆ ಅಥವಾ ರಕ್ತ ಹೆಪ್ಪುಗಟ್ಟಿದರೆ ಮೊದಲು ಈ ದ್ರವ ಸರಿದು ಜಾಗ ಬಿಟ್ಟುಕೊಡುತ್ತದೆ. ಆ ಅವಕಾಶ ಮುಗಿದ ಮೇಲೆ ಒಂದು ಚಮಚದಷ್ಟು ಹೆಚ್ಚಿದರೂ ಒತ್ತಡ ಜಿಗಿಯುತ್ತದೆ.

1891ರಲ್ಲಿ ಜರ್ಮನಿಯ ಹೈನ್ರಿಖ್ ಕ್ವಿಂಕೆ ಸೊಂಟದ ಬಳಿ ಬೆನ್ನಿಗೆ ಸೂಜಿ ಚುಚ್ಚಿ ದ್ರವದ ಒತ್ತಡ ಅಳೆದರು. ಆದರೆ ಮೇಲೆ ಗೆಡ್ಡೆಯಿದ್ದಾಗ ಕೆಳಗಿನಿಂದ ದ್ರವ ತೆಗೆದರೆ ಮಿದುಳು ಕೆಳಕ್ಕೆ ಜಾರಿ ಜೀವಕ್ಕೇ ಕುತ್ತು. ಮುಂದೆ ಹತ್ತು ವರ್ಷಕ್ಕೆ, ಬರ್ನ್ ನಗರದಲ್ಲಿ ಕೋಖರ್ ಅವರ ಬಳಿ ಕೆಲಸ ಮಾಡುತ್ತಿದ್ದ ಅಮೆರಿಕದ ಹಾರ್ವೆ ಕುಶಿಂಗ್ ಪ್ರಾಣಿಗಳಲ್ಲಿ ಒಂದು ಸಂಗತಿ ಕಂಡರು: ಬುರುಡೆಯ ಒತ್ತಡ ಮಿತಿಮೀರಿದಾಗ ರಕ್ತದೊತ್ತಡ ಏರುತ್ತದೆ, ನಾಡಿ ನಿಧಾನವಾಗುತ್ತದೆ. ವೈದ್ಯ ವಿದ್ಯಾರ್ಥಿಗಳು ಇಂದಿಗೂ ಇದನ್ನು ಕಲಿಯುತ್ತಾರೆ. ತೊಂದರೆಯೆಂದರೆ, ಈ ಲಕ್ಷಣ ಕಾಣುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ಹಾಗಾದರೆ ಮುಂಚೆಯೇ ತಿಳಿಯುವ ಬಗೆ? 1951ರಲ್ಲಿ ಫ್ರಾನ್ಸಿನ ಗಿಯೋಮ್ ಮತ್ತು ಜಾನಿ ಒತ್ತಡವನ್ನು ಎಡೆಬಿಡದೆ ದಾಖಲಿಸಿದರು. ಆದರೆ ಈ ಕೆಲಸಕ್ಕೆ ಬುನಾದಿ ಹಾಕಿದವರು ಸ್ವೀಡನ್ನಿನ ಲುಂಡ್ ನಗರದ ನಿಲ್ಸ್ ಲುಂಡ್‌ಬರ್ಗ್ ಎಂದೇ ನನ್ನ ಎಣಿಕೆ. ಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು, ಮಿದುಳಿನ ಒಳಗಿರುವ ದ್ರವದ ಕುಹರಕ್ಕೆ ತೆಳುನಳಿಕೆ ಇಳಿಸಿ, ಒತ್ತಡದ ಗೆರೆಯನ್ನು ಕಾಗದದ ಮೇಲೆ ಮೂಡಿಸಿದರು. 143 ರೋಗಿಗಳ ಈ ದಾಖಲೆ 1960ರಲ್ಲಿ ಪ್ರಕಟವಾಯಿತು. ಆ ಗೆರೆ ಯಾರೂ ನೆನೆಸದ ಗುಟ್ಟು ತೋರಿಸಿತು. ಒತ್ತಡ ಒಂದೇ ಸಮನೆ ಇರುವುದಿಲ್ಲ. ಇದ್ದಕ್ಕಿದ್ದಂತೆ 50ರ ಮೇಲೇರಿ, ಐದರಿಂದ ಇಪ್ಪತ್ತು ನಿಮಿಷ ಅಲ್ಲೇ ನಿಂತು, ಮತ್ತೆ ಇಳಿಯುತ್ತದೆ. ನೆತ್ತಿ ಚಪ್ಪಟೆಯಾದ ಗುಡ್ಡದಂತಿರುವ ಇದಕ್ಕೆ ಪ್ರಸ್ಥಭೂಮಿ ಅಲೆ ಎಂದು ಹೆಸರು. ಒಮ್ಮೆ ಸೂಜಿ ಚುಚ್ಚಿ ಅಳೆದವರಿಗೆ ಇದು ಕಾಣುವುದಾದರೂ ಹೇಗೆ? ಅದೇ ನಳಿಕೆಯಿಂದ ದ್ರವ ಹೊರಬಿಟ್ಟು ಒತ್ತಡ ಇಳಿಸಲೂ ಬಂತು. ಮುಂದೆ ಬುರುಡೆಗೆ ಬಿಗಿಯುವ ತಿರುಪು, ಬೆಳಕಿನ ಎಳೆಯ ಉಪಕರಣಗಳು ಬಂದವು.

ಇಷ್ಟಾದರೂ, ನಳಿಕೆಯಿಲ್ಲದ ಊರಿನಲ್ಲಿ ನಿಮ್ಮ ಬಂಧುವಿದ್ದರೆ? ಬೊಲಿವಿಯಾ ಮತ್ತು ಎಕ್ವಡಾರ್ ದೇಶಗಳಲ್ಲಿ ತಲೆಗೆ ತೀವ್ರ ಗಾಯವಾದ 324 ಜನರ ಮೇಲೆ ನಡೆದ ಅಧ್ಯಯನ 2012ರಲ್ಲಿ ಹೊರಬಂತು. ಒಂದು ಗುಂಪಿಗೆ ಒತ್ತಡದ ಅಂಕಿ ನೋಡಿ ಚಿಕಿತ್ಸೆ, ಇನ್ನೊಂದಕ್ಕೆ ಸಿ.ಟಿ. ಚಿತ್ರ ಮತ್ತು ರೋಗಿಯ ತಪಾಸಣೆಯ ಆಧಾರದಲ್ಲಿ. ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಳತೆಯೇ ಬೇಡವೆಂದು ಇದರರ್ಥವಲ್ಲ. ಎರಡೂ ಗುಂಪಿಗೆ ಕಟ್ಟುನಿಟ್ಟಿನ ನಿಗಾ ಇತ್ತು. ಆದ್ದರಿಂದ ರಾತ್ರಿಯಲ್ಲಿ ಟಾರ್ಚ್ ಹಿಡಿದು ಮತ್ತೆ ಮತ್ತೆ ಬಂದು ರೋಗಿಯ ಕಣ್ಣಿನ ಪಾಪೆ ನೋಡಿ ಬರೆದಿಡುವ ದಾದಿಯನ್ನು ಕಂಡರೆ, ಅವರು ಹುಡುಕುತ್ತಿರುವುದೂ ಅದೇ ಒತ್ತಡದ ಸುಳಿವನ್ನು.