ಚಿತ್ರಕಲೆ, ಶಿಲ್ಪಕಲೆಯಲ್ಲಿ ಸ್ನಾತಕೋತ್ತರ ಪದವಿ: ಎಲ್ಲಿ, ಹೇಗೆ, ಮುಂದೇನು?

"ಚಿತ್ರ ಬಿಡಿಸಿ ಹೊಟ್ಟೆ ತುಂಬ್ತದಾ?" ತಮ್ಮ ಬಿವಿಎ ಮುಗಿಸಿ ಮುಂದೆ ಓದ್ತೇನೆ ಅಂದಾಗ ನಾನೇ ಕೇಳಿದ ಪ್ರಶ್ನೆ ಇದು. ನಾನು ಬಿಕಾಂ ಓದಿ ಅಂಗಡಿಯಲ್ಲಿ ಕೂತವನು. ಲೆಕ್ಕ ಗೊತ್ತು, ಕಲೆ ಗೊತ್ತಿರಲಿಲ್ಲ. ಅವನಿಗಾಗಿ ಹುಡುಕಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಕಾಸರಗೋಡು, ಮಂಗಳೂರು ಕಡೆಯ ಮಕ್ಕಳಿಗೆ ಉಪಯೋಗ ಆಗಬಹುದು.

ಏನಿದು ಕೋರ್ಸ್?

ಕೆಲವು ವಿಶ್ವವಿದ್ಯಾನಿಲಯಗಳಲ್ಲಿ ಎಂಎಫ್‌ಎ, ಕೆಲವು ಕಡೆ ಎಂವಿಎ ಅಂತ ಹೆಸರು. ನಾಲ್ಕು ವರ್ಷದ ಬಿಎಫ್‌ಎ ಅಥವಾ ಬಿವಿಎ ಆದ ಮೇಲೆ ಎರಡು ವರ್ಷ. ಚಿತ್ರಕಲೆ, ಶಿಲ್ಪ, ಮುದ್ರಣಕಲೆ, ಅನ್ವಯಿಕ ಕಲೆ, ಹೀಗೆ ವಿಭಾಗಗಳುಂಟು. ಕಲಾ ಇತಿಹಾಸಕ್ಕೆ ಕೆಲವು ಕಡೆ ಬೇರೆ ಪದವಿಯವರನ್ನೂ ತೆಗೆದುಕೊಳ್ತಾರೆ. ತರಗತಿ ಪಾಠಕ್ಕಿಂತ ಸ್ಟುಡಿಯೋ ಕೆಲಸವೇ ಹೆಚ್ಚು. ವಿದ್ಯಾರ್ಥಿ ಮಾಡಿದ್ದನ್ನು ಗೋಡೆಗೆ ಹಾಕಬೇಕು, ಅಧ್ಯಾಪಕರು ಮತ್ತು ಹೊರಗಿನವರು ಕೇಳುವ ಪ್ರಶ್ನೆಗೆ ನಿಂತು ಉತ್ತರಿಸಬೇಕು. ಕೊನೆಗೆ ಪ್ರದರ್ಶನವೇ ಪರೀಕ್ಷೆ.

ಎಲ್ಲೆಲ್ಲಿ ಉಂಟು?

ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದ ಲಲಿತಕಲಾ ವಿಭಾಗ 1950ರಲ್ಲಿ ಶುರುವಾದದ್ದು. ಎನ್.ಎಸ್. ಬೇಂದ್ರೆ, ಶಂಖೋ ಚೌಧುರಿ ಅದನ್ನು ಕಟ್ಟಿದವರಲ್ಲಿ ಸೇರಿದ್ದಾರೆ. ಗುಲಾಂ ಮೊಹಮ್ಮದ್ ಶೇಖ್ ಅಲ್ಲೇ ಓದಿ ಅಲ್ಲೇ ಕಲಿಸಿದವರು. ನಸ್ರೀನ್ ಮೊಹಮದಿ 1972ರಿಂದ ಅಲ್ಲಿ ಅಧ್ಯಾಪಕಿಯಾಗಿದ್ದರು. ಶಾಂತಿನಿಕೇತನದ ಕಲಾಭವನ ಇನ್ನೂ ಹಳೆಯದು, 1919ರದ್ದು. ಹೈದರಾಬಾದ್ ವಿಶ್ವವಿದ್ಯಾನಿಲಯದಲ್ಲೂ ಎಂಎಫ್‌ಎ ಉಂಟು.

ಹತ್ತಿರದಲ್ಲಿ ಬೇಕಾದರೆ ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು, ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ. ಕೇರಳದಲ್ಲಿ ತಿರುವನಂತಪುರದ ಫೈನ್ ಆರ್ಟ್ಸ್ ಕಾಲೇಜು, ತ್ರಿಪುಣಿತುರದ ಆರ್‌ಎಲ್‌ವಿ, ಕಾಲಡಿಯ ಸಂಸ್ಕೃತ ವಿಶ್ವವಿದ್ಯಾನಿಲಯ.

ಪ್ರವೇಶ ಹೇಗೆ?

ಸಾಮಾನ್ಯವಾಗಿ ಪೋರ್ಟ್‌ಫೋಲಿಯೋ, ಪ್ರವೇಶ ಪರೀಕ್ಷೆ, ಸಂದರ್ಶನ. ಇದರಲ್ಲಿ ಪೋರ್ಟ್‌ಫೋಲಿಯೋ ಬಹಳ ಮುಖ್ಯ. ತಮ್ಮ ಮೊದಲ ವರ್ಷ ಕೊನೇ ದಿನ ರಾತ್ರಿ ಟ್ಯೂಬ್‌ಲೈಟ್ ಬೆಳಕಲ್ಲಿ ಮೊಬೈಲ್‌ನಿಂದ ಫೋಟೋ ತೆಗೆದು ಕಳಿಸಿದ. ಬಣ್ಣವೆಲ್ಲ ಹಳದಿ. ಕರೆ ಬರಲಿಲ್ಲ, ಒಂದು ವರ್ಷ ಹೋಯ್ತು. ತಪ್ಪು ಅವನದು ಮಾತ್ರ ಅಲ್ಲ, ಆ ವಾರವೆಲ್ಲ ಅವನನ್ನು ಅಂಗಡಿಯಲ್ಲಿ ಕೂರಿಸಿದವನು ನಾನು. ಆದ್ದರಿಂದ ಹಗಲು ಬೆಳಕಲ್ಲಿ, ನೇರವಾಗಿ ಫೋಟೋ ತೆಗೆಯಿರಿ. ಅಳತೆ, ಮಾಧ್ಯಮ, ವರ್ಷ ಬರೆಯಿರಿ. ಸ್ಕೆಚ್ ಪುಸ್ತಕ ಇಟ್ಟುಕೊಳ್ಳಿ, ಸಂದರ್ಶನದಲ್ಲಿ ಅದನ್ನೂ ಕೇಳ್ತಾರೆ.

ಖರ್ಚಿನ ಲೆಕ್ಕ

ಸರ್ಕಾರಿ ವಿಶ್ವವಿದ್ಯಾನಿಲಯದಲ್ಲಿ ಶುಲ್ಕಕ್ಕಿಂತ ಸಾಮಗ್ರಿಯ ಖರ್ಚೇ ಭಾರ ಆಗುವುದುಂಟು. ಕ್ಯಾನ್ವಾಸ್, ಬಣ್ಣ, ತಾಮ್ರದ ತಗಡು, ಕಾಗದ ಎಲ್ಲ ಕೈಯಿಂದ. ಆದರೆ ವ್ಯಾಪಾರಿಯ ಕಣ್ಣಲ್ಲಿ ನೋಡಿ: ಎಚಿಂಗ್ ಪ್ರೆಸ್, ಲೋಹ ಎರಕದ ಕುಲುಮೆ, ಕುಂಬಾರಿಕೆಯ ಗೂಡು, ಇವನ್ನು ಮನೆಯಲ್ಲಿ ಹಾಕಿಸಲು ಯಾರಿಂದ ಆಗ್ತದೆ? ಎರಡು ವರ್ಷ ಅವು ಕೈಗೆ ಸಿಗುವುದೇ ದೊಡ್ಡ ಲಾಭ.

ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವರ್ಷದವರಿಗೆ. ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ.

ಮುಂದೇನು?

ಒಂದು ದಾರಿ ಅಧ್ಯಾಪನ. ಎಂಎಫ್‌ಎಯಲ್ಲಿ 55 ಶೇಕಡಾ ಅಂಕ ಮತ್ತು ದೃಶ್ಯಕಲೆಯ ನೆಟ್ ಇದ್ದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ. ಪದವಿ ಯುಜಿಸಿ ಮಾನ್ಯವೇ ಅಂತ ಸೇರುವ ಮೊದಲೇ ನೋಡಿ. ವಿನ್ಯಾಸ, ಅನಿಮೇಷನ್, ಮ್ಯೂಸಿಯಂ ಕೆಲಸಗಳೂ ಉಂಟು. ಕೃತಿ ಮಾರಿ ಬದುಕುವುದು ಕಷ್ಟದ ದಾರಿ. ಗ್ಯಾಲರಿ ಕಮಿಷನ್ ಅರ್ಧದವರೆಗೂ ಹೋಗ್ತದೆ. ಕಲಾಭವನದಲ್ಲಿ ಪ್ರತಿ ಡಿಸೆಂಬರ್ 1, 2ರಂದು ನಂದನ ಮೇಳ ನಡೀತದೆ. ವಿದ್ಯಾರ್ಥಿಗಳು ಮಾಡಿದ್ದನ್ನು ಅಲ್ಲೇ ಮಾರ್ತಾರೆ, ಹಣ ವಿದ್ಯಾರ್ಥಿ ನಿಧಿಗೆ. ಮಾರಾಟವೂ ಕಲಿಯುವ ವಿಷಯ ಅಂತ ನನಗೆ ಅರ್ಥ ಆದದ್ದು ಅದನ್ನು ತಿಳಿದಾಗ.

ನನ್ನಂಥ ಲೆಕ್ಕದವರಿಗೆ ಇನ್ನೊಂದು ಮಾತು. ಭೂಪೇನ್ ಖಾಖರ್ ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದವರು. 1962ರಲ್ಲಿ ಬರೋಡಾಕ್ಕೆ ಹೋಗಿ ಕಲಾ ವಿಮರ್ಶೆ ಓದಿದರು, ಲೆಕ್ಕದ ಕೆಲಸ ಮಾಡ್ತಲೇ ಚಿತ್ರ ಬರೆದರು. ನಮ್ಮ ಪಕ್ಕದ ಕೂತುಪರಂಬದಲ್ಲಿ ಹುಟ್ಟಿ ಮಾಹೆಯಲ್ಲಿ ಬೆಳೆದ ಕೆ.ಜಿ. ಸುಬ್ರಮಣ್ಯನ್ ಮದ್ರಾಸಿನಲ್ಲಿ ಓದಿದ್ದು ಅರ್ಥಶಾಸ್ತ್ರ. 1942ರ ಚಳವಳಿಯಲ್ಲಿ ಜೈಲಿಗೆ ಹೋದ ಮೇಲೆ 1944ರಲ್ಲಿ ಕಲಾಭವನ ಸೇರಿದರು.

ತಮ್ಮನಿಗೆ ಎರಡನೇ ವರ್ಷ ಸೀಟು ಸಿಕ್ಕಿತು. ಈ ಸಲ ಫೋಟೋ ತೆಗೆಯುವಾಗ ಚಿತ್ರವನ್ನು ಅಂಗಳದಲ್ಲಿ ಹಿಡಿದು ನಿಂತವನು ನಾನೇ.