ಬೆಂಗಳೂರಿನ ಪಾದಚಾರಿ ಮತ್ತು ಸೈಕಲ್ ರಸ್ತೆಗಳು

ನಡೆಯುವವರನ್ನೂ ಸೈಕಲ್ ತುಳಿಯುವವರನ್ನೂ ಗಮನದಲ್ಲಿಟ್ಟು ಬೆಂಗಳೂರಿನ ರಸ್ತೆಗಳನ್ನು ತಿದ್ದಿದ ಪ್ರಯತ್ನಗಳ ಇತಿಹಾಸ. ಈ ಕುರಿತ ಬರಹಗಳಲ್ಲಿ ಫುಟ್‌ಪಾತ್ ಅಗಲಿಸುವುದು, ವಾಹನ ತಡೆಯುವುದು, ಸೈಕಲ್ಲಿಗೆ ಪ್ರತ್ಯೇಕ ಪಥ ಮಾಡುವುದು ಎಂಬ ಮೂರು ಕೆಲಸಗಳು ಆಗಾಗ ಒಂದಾಗಿ ಬೆರೆತಿರುತ್ತವೆ.

ದೊಡ್ಡಪೇಟೆ (ಇಂದಿನ ಅವೆನ್ಯೂ ರಸ್ತೆ), ಚಿಕ್ಕಪೇಟೆಗಳು ಕಾಲ್ನಡಿಗೆ, ಎತ್ತಿನಗಾಡಿಗಳ ಅಳತೆಗೆ ಬೆಳೆದ ಬೀದಿಗಳು. ಮೋಟಾರು ವಾಹನ ಹೆಚ್ಚಿದ ಮೇಲೆ ರಸ್ತೆ ಅಗಲಿಸುವುದೆಂದರೆ ಬಹುಪಾಲು ಫುಟ್‌ಪಾತ್ ಕತ್ತರಿಸುವುದೇ ಆಯಿತು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, 2007ರಲ್ಲಿ ರಾಜ್ಯದಲ್ಲಿ ಸ್ಥಾಪನೆಯಾದ ನಗರ ಭೂಸಾರಿಗೆ ನಿರ್ದೇಶನಾಲಯ ಇವೆರಡರಿಂದ ಬೇರೆ ಬಗೆಯ ಯೋಚನೆಗೆ ಸರ್ಕಾರದಲ್ಲಿ ನೆಲೆ ಸಿಕ್ಕಿತು. 2010ರ ದಶಕದ ಆರಂಭದಲ್ಲಿ ಜಯನಗರದಲ್ಲಿ ಮಾಡಿದ ಸೈಕಲ್ ಪಥಗಳು ಬೇಗನೆ ಕಾರು, ಸ್ಕೂಟರ್ ನಿಲ್ಲಿಸುವ ಜಾಗಗಳಾದವು.

ನಿಜವಾದ ತಿರುವು ಟೆಂಡರ್‌ಶ್ಯೂರ್ ಎಂಬ ರಸ್ತೆ ಮರುವಿನ್ಯಾಸ ಯೋಜನೆ. ಅಗಲವಾದ ಫುಟ್‌ಪಾತಿಗಾಗಿ ಅದು ಹೆಸರಾಯಿತಾದರೂ ಅದರ ಹೊಸತನ ಇದ್ದದ್ದು ನೆಲದಡಿಯಲ್ಲಿ. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಮತ್ತು ದೂರಸಂಪರ್ಕದ ಕೇಬಲ್‌ಗಳಿಗೆ ಗೊತ್ತಾದ ಜಾಗ ಕೊಟ್ಟು, ಡಾಂಬರನ್ನು ಪದೇಪದೇ ಅಗೆಯುವ ಪ್ರಮೇಯ ತಪ್ಪಿಸುವುದು ಅದರ ಲೆಕ್ಕಾಚಾರ. ವಾಹನಪಥದ ಅಗಲ ಉದ್ದಕ್ಕೂ ಒಂದೇ ಇರಬೇಕೆಂಬುದು ಇನ್ನೊಂದು ನಿಯಮ. ಹಾಗೆ ಮಿಕ್ಕ ಜಾಗ ಫುಟ್‌ಪಾತಿಗೆ ಸೇರಿತು. ವಿಠ್ಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನಿಂಗ್‌ಹ್ಯಾಮ್ ರಸ್ತೆಗಳು ಮೊದಲ ಹಂತದ ಏಳರಲ್ಲಿ ಸೇರಿದ್ದವು. ವೆಚ್ಚ ಹೆಚ್ಚು, ಕಾರಿಗೆ ದಾರಿ ಕಿರಿದು ಎಂಬ ಆಕ್ಷೇಪಗಳೂ ಬಂದವು.

ಗೊಂದಲ ಹೆಚ್ಚಿರುವುದು ಚರ್ಚ್ ಸ್ಟ್ರೀಟ್ ವಿಷಯದಲ್ಲಿ. 2018ರ ಮಾರ್ಚ್‌ನಲ್ಲಿ ಅದು ‘ಪಾದಚಾರಿ ಬೀದಿ’ ಆಯಿತೆಂದು ಬರೆಯುವುದುಂಟು. ಆಗ ತೆರೆದದ್ದು ಕಲ್ಲುಹಾಸಿನ ಹೊಸ ರಸ್ತೆ ಮಾತ್ರ. ವಾಹನಗಳು ಎಂದಿನಂತೆ ಓಡುತ್ತಿದ್ದವು. ವಾಹನ ತಡೆದದ್ದು 2020ರ ನವೆಂಬರ್‌ನಿಂದ, ಅದೂ ಶನಿವಾರ-ಭಾನುವಾರಗಳಂದು, ಕೆಲವು ತಿಂಗಳ ಪ್ರಯೋಗವಾಗಿ. ಆ ಪ್ರಯೋಗದ ಜೊತೆಗೆ ನಡೆದ ಗಾಳಿಯ ಗುಣಮಟ್ಟದ ಅಧ್ಯಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಪಾಲ್ಗೊಂಡಿತ್ತು. ‘ಮೊದಲ ಪಾದಚಾರಿ ಬೀದಿ’ ಎಂಬ ಬಿರುದು ಕೊಡುವವರು ಈ ಎರಡರಲ್ಲಿ ಯಾವುದನ್ನು ಹೇಳುತ್ತಿದ್ದೇವೆಂದು ಸ್ಪಷ್ಟಪಡಿಸಬೇಕು.

2020ರಲ್ಲೇ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ತಾತ್ಕಾಲಿಕ ಸೈಕಲ್ ಪಥ ಬಂತು. ಗೂಟ ನೆಟ್ಟು ಬೇರ್ಪಡಿಸಿದ್ದ ಆ ಪಥದ ಬಹುಭಾಗವನ್ನು ಮುಂದೆ ಮೆಟ್ರೊ ಕಾಮಗಾರಿ ನುಂಗಿತು. ಬಾಡಿಗೆ ಸೈಕಲ್ ವ್ಯವಸ್ಥೆಯಲ್ಲಿ ಮುಂದಿದ್ದದ್ದು ರಾಜಧಾನಿಯಲ್ಲ, ಮೈಸೂರು: ಅಲ್ಲಿ ‘ಟ್ರಿಣ್ ಟ್ರಿಣ್’ 2017ರ ಜೂನ್‌ನಲ್ಲೇ ಆರಂಭವಾಗಿತ್ತು. ನಡೆಯುವವರ, ಸೈಕಲ್ ಸವಾರರ ಹಕ್ಕುಗಳನ್ನು ಕಾನೂನಿನಲ್ಲಿ ಬರೆಯಲು ನಗರ ಭೂಸಾರಿಗೆ ನಿರ್ದೇಶನಾಲಯ ಸಿದ್ಧಪಡಿಸಿದ ಸಕ್ರಿಯ ಸಂಚಾರ ಮಸೂದೆಯ ಕರಡು ಆಮೇಲೆ ಹೊರಬಂತು.